ಪೇಶಂಟ್ ಕಡೆಯವರು ಯಾರು?

ಬಲಗೈ ಬೆರಳುಗಳು ಊದಿಕೊಂಡು ಎಳೆ ಬದನೆಕಾಯಿಯಂತೆ ಮಿರಮಿರ ಹೊಳೆಯುತ್ತಿದ್ದವು. ಮಣಿಕಟ್ಟಿನ ಸುತ್ತ ತತ್ತಿಯ ಬಿಳಿ ಮತ್ತು ಉದ್ದಿನ ಹಿಟ್ಟು ಒಣಗಿ ಅಂಟಿಕೊಂಡ ಗುರುತು ಇನ್ನೂ ಇತ್ತು. ಬಿದಿರಿನ ದಬ್ಬೆ ಒತ್ತಿದ ನಾಲ್ಕು ಗೆರೆಗಳು ಚರ್ಮದಲ್ಲಿ ಹಾಗೇ ಕುಳಿತಿದ್ದವು. ಹೆಬ್ಬೆರಳು ತೋರುಬೆರಳನ್ನು ಮುಟ್ಟುತ್ತಿರಲಿಲ್ಲ. ಮುಷ್ಟಿ ಮಾಡಿ ಎಂದರೆ ಬೆರಳು ಬಾಗುವ ಬದಲು ಇಡೀ ಭುಜವೇ ಮೇಲೇರುತ್ತಿತ್ತು. ಅಕ್ಕನನ್ನು ನೆನೆದಾಗಲೆಲ್ಲ ನನಗೆ ಮುಖಕ್ಕಿಂತ ಮೊದಲು ಆ ಕೈಯೇ ಕಾಣುತ್ತದೆ.

ಹಿರೇಕೆರೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಔಷಧಿ ಅಂಗಡಿ. ಅದರ ಬೆನ್ನಿಗಿದ್ದ ಕೋಣೆಯಲ್ಲಿ ನನ್ನ ಫಿಸಿಯೋಥೆರಪಿ. ಎರಡು ಮಂಚ, ಒಂದು ಕರೆಂಟಿನ ಡಬ್ಬಿ, ಭುಜ ತಿರುಗಿಸಲು ಗೋಡೆಗೆ ಹೊಡೆದ ಒಂದು ಗಾಲಿ, ಇಷ್ಟೇ ನನ್ನ ಸಂಸಾರ. ನಾನು ಹಾನಗಲ್ಲಿನವಳು. ಕಲಿತು ಬಂದು ವರ್ಷ ತುಂಬಿರಲಿಲ್ಲ, ಆದರೆ ದೊಡ್ಡ ಆಸ್ಪತ್ರೆಯ ಗತ್ತನ್ನು ಮಾತ್ರ ಪೂರ್ತಿ ಕಲಿತಿದ್ದೆ. ಅಕ್ಕನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಎದುರಿಗೇ ಕುಳಿತಿದ್ದ ಅವರ ತಲೆಯ ಮೇಲಿಂದ ಬಾಗಿಲ ಕಡೆ ಕಣ್ಣು ಹಾಯಿಸಿ, "ಪೇಶಂಟ್ ಕಡೆಯವರು ಯಾರದಾರ್ರಿ?" ಎಂದು ಕೇಳಿದೆ. ಅವರ ಮಗ ಚಪ್ಪಲಿ ಬಿಟ್ಟು ಒಳಗೆ ಬಂದ. ನಾನು ಅವನಿಗೆ ಹೇಳಲು ಶುರುಮಾಡಿದೆ.

ಅಕ್ಕ ಎಡಗೈ ಎತ್ತಿ ನನ್ನನ್ನು ತಡೆದರು.

"ಮೇಡಂ, ಮುರದದ್ದು ಯಾರ ಕೈ?"

"ನಿಮ್ಮದರಿ."

"ಹಂಗಾರ ನನ್ನ ಮಾರಿ ನೋಡಿ ಹೇಳ್ರಿ. ನಾನ ಪೇಶಂಟು, ನಾನ ಪೇಶಂಟ್ ಕಡೆಯಾಕಿ. ಅಂವ ಗಾಡಿ ಹೊಡಕೊಂಡು ಬಂದಾನ, ಅಷ್ಟ."

ನನಗೆ ಸಿಟ್ಟು ಬಂತು. ಹಳ್ಳಿಯ ಹೆಂಗಸು, ಅದೂ ಬಂದ ಮೊದಲನೇ ದಿನ, ಔಷಧಿ ಅಂಗಡಿಯ ಗಿರಾಕಿಗಳೂ ಕೇಳುವಷ್ಟು ದನಿಯಲ್ಲಿ ನನ್ನನ್ನು ತಿದ್ದುವುದೆಂದರೇನು ಅನ್ನಿಸಿತು. ಮಗನೂ ಮುಜುಗರದಿಂದ, "ಅವ್ವಾ, ಸುಮ್ನಿರು, ಅವರಿಗೆ ಗೊತ್ತಿರತೈತಿ" ಎಂದ. ಅಕ್ಕ ಸುಮ್ಮನಿರುವವರಲ್ಲ. ನಾನು ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡು ಎಲುಬು ಎಲ್ಲಿ ಮುರಿದಿದೆ, ಎಲ್ಲಿ ಕೂಡಿದೆ, ಬೆರಳು ಯಾಕೆ ಸೆಟೆದಿವೆ ಎಂದು ಮತ್ತೆ ಮೊದಲಿನಿಂದ ಹೇಳಿದೆ. ಅವರು ಮಧ್ಯೆ ಮಧ್ಯೆ ನಿಲ್ಲಿಸಿ ಕೇಳಿದರು. ಹತ್ತು ನಿಮಿಷದ ಕೆಲಸ ಮುಕ್ಕಾಲು ತಾಸು ಹಿಡಿಯಿತು.

ಅಕ್ಕನದು ಅಬಲೂರಿನ ಹತ್ತಿರದ ಹಳ್ಳಿ. ಆಗ ಅವರಿಗೆ ಐವತ್ತರ ಆಸುಪಾಸು. ಹತ್ತಿಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಮಾಡುವ ಹದಿನಾಲ್ಕು ಹೆಣ್ಣುಮಕ್ಕಳ ಗುಂಪಿಗೆ ಅವರೇ ಮುಂದಾಳು, ಎಲ್ಲರಿಗೂ ಅಕ್ಕ. ಕ್ರಾಸಿಂಗ್ ನೋಡದವರಿಗೆ ಹೇಳುತ್ತೇನೆ: ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತು ಸಂಜೆಯೇ ಗುರುತಿಸಿ, ಉಗುರಿನಿಂದ ಅದರ ದಳವನ್ನೂ ಕೇಸರವನ್ನೂ ಬಿಡಿಸಿ ತೆಗೆಯಬೇಕು. ನಡುವಿನ ಎಳೆಗೆ ಒಂಚೂರೂ ಗಾಯವಾಗಬಾರದು. ಮರುದಿನ ಬೆಳಿಗ್ಗೆ ಬೇರೆ ತಳಿಯ ಗಂಡು ಹೂವನ್ನು ತಂದು ಆ ಎಳೆಗೆ ಸವರಿ, ತೊಟ್ಟಿಗೆ ಬಿಳಿ ದಾರ ಕಟ್ಟಬೇಕು. ದಾರವಿದ್ದ ಕಾಯಿ ಬೀಜಕ್ಕೆ ಹೋಗುತ್ತದೆ, ದಾರವಿಲ್ಲದ್ದನ್ನು ಕಿತ್ತು ಒಗೆಯುತ್ತಾರೆ. ಇಡೀ ಕೆಲಸ ಹೆಬ್ಬೆರಳು, ತೋರುಬೆರಳಿನದು. ಯುಗಾದಿ ಮುಗಿದ ವಾರ ಟ್ರ್ಯಾಕ್ಟರಿನ ಟ್ರೇಲರಿನಿಂದ ಇಳಿಯುವಾಗ ಕಾಲು ಜಾರಿ, ಅಕ್ಕ ಆ ಕೈಯನ್ನೇ ನೆಲಕ್ಕೆ ಊರಿ ಬಿದ್ದಿದ್ದರು. ಶ್ರಾವಣದಲ್ಲಿ ಕ್ರಾಸಿಂಗ್ ಶುರುವಾಗುತ್ತದೆ. ಅಷ್ಟರೊಳಗೆ ಆ ಎರಡು ಬೆರಳು ಒಂದಕ್ಕೊಂದು ಕೂಡದಿದ್ದರೆ ಗುಂಪು ಇನ್ನೊಬ್ಬರ ಪಾಲಾಗುತ್ತದೆ, ಅಕ್ಕ ಮನೆಯ ಕಟ್ಟೆಗೆ ಬರುತ್ತಾರೆ. ಅವರಿಗೆ ಅದು ಗೊತ್ತಿತ್ತು.

ದಬ್ಬೆ ಇಟ್ಟು ಕೈ ಕಟ್ಟಿದ ನಾಟಿ ವೈದ್ಯರು ಎಲುಬನ್ನು ಸರಿಯಾಗಿಯೇ ಕೂಡಿಸಿದ್ದರು, ಸುಳ್ಳು ಹೇಳಬಾರದು. ಆದರೆ ಬೆರಳು ಅಲ್ಲಾಡಿಸಬೇಡ ಎಂದಿದ್ದರು, ಮನೆಯವರು ಆ ಮಾತನ್ನು ವ್ರತದಂತೆ ಪಾಲಿಸಿದ್ದರು. ಮಗ ತುತ್ತು ಮಾಡಿ ಉಣಿಸಿದ, ಸೊಸೆ ತಲೆ ಬಾಚಿದಳು, ನೋಡಲು ಬಂದವರೆಲ್ಲ ಆ ಕೈಯನ್ನು ದಿಂಬಿನ ಮೇಲೆ ಇನ್ನಷ್ಟು ಭದ್ರವಾಗಿ ಇಟ್ಟು ಹೋದರು. ನಮ್ಮ ಕಡೆ ಜಡ್ಡಾದವರನ್ನು ಪ್ರೀತಿಸುವುದೆಂದರೆ ಅವರ ಕೈಯಿಂದ ಏನೂ ಮಾಡಗೊಡದಿರುವುದು. ಆರು ವಾರದ ಅಂಥ ಪ್ರೀತಿಯಲ್ಲಿ ಬೆರಳುಗಳು ಕಟ್ಟಿಗೆಯಾಗಿದ್ದವು.

ಆ ಊರಲ್ಲಿ ನನ್ನನ್ನು ಕರೆಂಟ್ ಮೇಡಂ ಎನ್ನುತ್ತಿದ್ದರು. ಬಂದವರು ಮಂಚದ ಮೇಲೆ ಮಲಗುವುದು, ನಾನು ನೋವಿರುವಲ್ಲಿ ಪ್ಯಾಡು ಅಂಟಿಸಿ ಡಬ್ಬಿ ಚಾಲೂ ಮಾಡುವುದು, ಅವರು "ಇನ್ನೊಂದೀಟು ಜಾಸ್ತಿ ಮಾಡ್ರಿ" ಎನ್ನುತ್ತ ಒಂದು ಸಣ್ಣ ನಿದ್ದೆ ತೆಗೆದು ಎದ್ದು ಹೋಗುವುದು, ಹೀಗೆ ನಡೆದಿತ್ತು. ಮನೆಯಲ್ಲಿ ಮಾಡಿ ಎಂದು ನಾನು ವ್ಯಾಯಾಮ ಬರೆದುಕೊಟ್ಟ ಚೀಟಿಯಲ್ಲಿ ಒಬ್ಬರು ತಂಬಾಕು ಕಟ್ಟಿಕೊಂಡು ಬಂದಿದ್ದರು. ಮೂರನೇ ದಿನ ಅಕ್ಕ ಕೈಗೆ ಅಂಟಿಸಿದ ಪ್ಯಾಡುಗಳನ್ನು ನೋಡುತ್ತ ಕೇಳಿದರು.

"ಈ ಡಬ್ಬಿ ನನ್ನ ಬೆರಳು ಬಗ್ಗಸತೈತೇನ್ರಿ?"

"ನೋವು ಒಂದೀಟು ಕಡಿಮಿ ಮಾಡತೈತ್ರಿ."

"ನಾ ಕೇಳಿದ್ದು ಅದಲ್ಲ."

ಪಕ್ಕದ ಮಂಚದಲ್ಲಿ ಸೊಂಟಕ್ಕೆ ಕರೆಂಟ್ ಹಿಡಿಸಿಕೊಳ್ಳುತ್ತಿದ್ದವರು ತಲೆ ಎತ್ತಿ ನೋಡಿದರು. ನಾನು ದನಿ ತಗ್ಗಿಸಿ, "ಇಲ್ರಿ. ಬೆರಳು ನೀವ ಬಗ್ಗಸಬೇಕು" ಎಂದೆ.

"ದಿನಕ್ಕ ಎಷ್ಟ ಸಲ?"

"ತಾಸಿಗೊಮ್ಮೆ ಮಾಡಿದ್ರ ಚಲೋ."

"ಮತ್ತ ಎರಡ ದಿನ ಯಾಕ ಇದನ್ನ ಒತ್ತಿ ಹೇಳಲಿಲ್ಲ?"

ಹೇಳಿದರೆ ಯಾರೂ ಮಾಡುವುದಿಲ್ಲ ಎಂಬುದು ನನ್ನ ಉತ್ತರವಾಗಿತ್ತು. ಅದನ್ನು ಬಾಯಿ ಬಿಟ್ಟು ಹೇಳಲು ನಾಚಿಕೆಯಾಯಿತು. ಅಕ್ಕ ತಾವೇ ಪ್ಯಾಡು ಕಿತ್ತು ನನ್ನ ಕೈಗಿಟ್ಟು, "ಇದು ಅವರಿಗೆ ಇರಲಿ. ನನಗ ಕೆಲಸ ಕಲಸ್ರಿ" ಎಂದರು. ಪಕ್ಕದ ಮಂಚದವರಿಗೆ ಆ ದಿನ ನಿದ್ದೆ ಹತ್ತಲಿಲ್ಲ.

ಅಂದಿನಿಂದ ನಾನು ಕಲಿತದ್ದನ್ನೆಲ್ಲ ನೆನಪಿಸಿಕೊಂಡು ಅವರಿಗೆ ಕಲಿಸಿದೆ. ಉಗುರುಬೆಚ್ಚಗಿನ ನೀರಲ್ಲಿ ಕೈ ಅದ್ದುವುದು, ಒಂದೊಂದೇ ಬೆರಳಿನ ಗೆಣ್ಣು ಮಡಚುವುದು, ಒದ್ದೆ ಅರಿವೆ ಹಿಂಡುವುದು, ಹಿಟ್ಟು ನಾದುವುದು. ಆಮೇಲೆ ಕಾಳು ಹೆಕ್ಕುವುದು: ಮೊದಲು ಗೋವಿನಜೋಳ, ಅದು ಬಂದ ಮೇಲೆ ಕಡಲೆ, ಆಮೇಲೆ ಬಿಳಿಜೋಳ, ಕೊನೆಗೆ ಸಾಸಿವೆ. ನೋವು ಸಣ್ಣದಾಗಿರಲಿಲ್ಲ. ಒಂದು ದಿನ ಮಡಚಿದ ಬೆರಳನ್ನು ನಾನು ಇನ್ನಷ್ಟು ಒತ್ತಿದಾಗ ಅವರ ಕಣ್ಣಿಂದ ನೀರು ಗದ್ದದವರೆಗೆ ಇಳಿಯಿತು. ನಾನು ಗಾಬರಿಯಾಗಿ ಬಿಟ್ಟೆ. "ಕಣ್ಣಿನ ಕೆಲಸ ಕಣ್ಣು ಮಾಡಾಕತೈತಿ, ನಿಮ್ಮದ ನೀವ ಮಾಡ್ರಿ" ಎಂದು ಗದರಿಸಿದರು.

ಲೆಕ್ಕ ತಪ್ಪಬಾರದೆಂದು ಅವರು ತಮ್ಮದೇ ಒಂದು ದಾರಿ ಹುಡುಕಿಕೊಂಡಿದ್ದರು. ಹಿಂದಿನ ವರ್ಷದ ಒಂದು ಒಣ ಹತ್ತಿಗಿಡವನ್ನು ಟೊಂಗೆ ಸಮೇತ ತಂದು ಮನೆಯ ಮೂಲೆಯಲ್ಲಿ ನಿಲ್ಲಿಸಿದ್ದರು. ಒಂದು ಸಲ ವ್ಯಾಯಾಮ ಮುಗಿದರೆ ಒಂದು ಟೊಂಗೆಗೆ ಒಂದು ಬಿಳಿ ದಾರ. ವಾರಕ್ಕೊಮ್ಮೆ ಆ ಗಿಡವನ್ನೇ ಮಗನ ಗಾಡಿಯ ಮೇಲೆ ಹಿಡಿದುಕೊಂಡು ನನ್ನಲ್ಲಿಗೆ ತರುತ್ತಿದ್ದರು. ಬಸ್ ನಿಲ್ದಾಣದಲ್ಲಿ ಜನ ನಿಂತು ನೋಡುತ್ತಿದ್ದರು. ದಾರ ಕಟ್ಟುವುದೂ ಅವರದೇ ಕೈ, ಎಡಗೈಯ ಬೆರಳು ಮತ್ತು ಹಲ್ಲು ಸೇರಿಸಿ ಬಿಗಿದ ಗಂಟುಗಳು ವಕ್ರವಕ್ರವಾಗಿ, ದಪ್ಪವಾಗಿ ಇರುತ್ತಿದ್ದವು.

ನಾಲ್ಕನೆಯ ವಾರ ಗಿಡ ತುಂಬಿ ಬಂತು. ಗುಂಪಿನ ಮೂವರು ಹೆಣ್ಣುಮಕ್ಕಳೂ ಜೊತೆಗೆ ಬಂದಿದ್ದರು, ಆ ಮೂವರ ಮುಖದಲ್ಲೂ ಏನೋ ಹಿಗ್ಗು. ಆ ವಾರ ಅಕ್ಕನಿಗೆ ನಾಲ್ಕು ದಿನ ಜ್ವರ ಬಂದಿತ್ತೆಂದು ಆ ಹೆಣ್ಣುಮಕ್ಕಳೇ ಹೇಳಿದರು. ಜ್ವರದಲ್ಲೂ ಇಷ್ಟು ಮಾಡಿದ್ದೀರಲ್ಲ ಎಂದು ನಾನು ಹೊಗಳಿದೆ. ಅಕ್ಕನಿಗೆ ಆ ಹೊಗಳಿಕೆ ಎಲ್ಲೋ ಸರಿಕಾಣಲಿಲ್ಲ. ಗಿಡವನ್ನು ಹತ್ತಿರ ಎಳೆದುಕೊಂಡು ಒಂದೊಂದೇ ದಾರವನ್ನು ತಿರುಗಿಸಿ ನೋಡತೊಡಗಿದರು. ಮೂವರ ಹಿಗ್ಗು ಇಳಿಯಿತು.

"ಈ ಗಂಟು ನಂದಲ್ಲ" ಎಂದರು. "ಇದೂ ನಂದಲ್ಲ. ಯಾರು ಕಟ್ಟೀರಿ?"

ಮೂವರಲ್ಲಿ ಹಿರಿಯಳು ಸೆರಗಿನ ತುದಿ ಹಿಂಡುತ್ತ ಹೇಳಿದಳು: "ನಿನಗ ಜ್ವರ ಬಂದಿದ್ವು ಅಕ್ಕಾ. ದಾರ ಕಡಿಮಿ ಆದ್ರ ನಿನ್ನ ಮನಸ್ಸಿಗೆ ಕೆಡಕ ಅನಸತೈತಿ ಅಂತ ನಾವ ಕಟ್ಟಿದ್ವಿ. ಪ್ಲಾಟಿನ್ಯಾಗ ಯಾರರೆ ಹಿಂದ ಬಿದ್ರ ಅವರ ಸಾಲು ನಾವ ಮುಗಸೂದಿಲ್ಲೇನು?"

"ಅವರ ಸಾಲಿನ ಹೂವು ಮುಟ್ಟಿ ಮುಗಸ್ತೀರಿ. ಮುಟ್ಟದ ಹೂವಿಗೆ ದಾರ ಕಟ್ಟಿದ್ರ ಏನ ಆಕ್ಕತಿ?"

"ಬೀಜ ಕೆಡತೈತಿ."

"ಎಷ್ಟ ಕೆಡತೈತಿ?"

"ಇಡೀ ಪ್ಲಾಟ ಕೆಡತೈತಿ" ಎಂದಳು ಅವಳು, ಕೇಳಿಸದಷ್ಟು ಮೆಲ್ಲಗೆ.

ಅಕ್ಕ ಆ ದಾರಗಳನ್ನು ಹರಿಯತೊಡಗಿದರು. ಅವರವನ್ನಷ್ಟೇ ಅಲ್ಲ, ತಮ್ಮವನ್ನೂ, ಮೂರು ವಾರದ ವಕ್ರ ಗಂಟುಗಳನ್ನೂ ಬಿಡದೆ ಕಿತ್ತರು. ನಾನು ಬೇಡವೆಂದೆ. ಹೆಣ್ಣುಮಕ್ಕಳು ಅಳತೊಡಗಿದರು. ಗಿಡ ಬೋಳಾದ ಮೇಲೆ ಅವರು ಮೂವರನ್ನೂ ಹತ್ತಿರ ಕರೆದು, "ನನ್ನ ಹಸಿವಿಗೆ ನೀವು ಉಂಡ್ರ ನಡಿಯೂದಿಲ್ರವ್ವಾ. ನನ್ನ ಮ್ಯಾಲೆ ಜೀವ ಇದ್ರ ಜ್ವರ ಬಂದಾಗ ಬಂದು ಎಬ್ಬಸ್ರಿ, ಬೈರಿ. ನನ್ನ ಬದಲಿ ಮಾಡಬ್ಯಾಡ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತ ಮೊದಲನೇ ದಿನ ಅಂತ ಬರಕೋರಿ" ಎಂದರು. ಅವರ ಬಲಗೈಯ ಹೆಬ್ಬೆರಳು ತೋರುಬೆರಳಿನ ತುದಿಗೆ ತಾಗುತ್ತಿದ್ದುದು ಆಗ ನನ್ನ ಕಣ್ಣಿಗೆ ಬಿತ್ತು. ಸಿಟ್ಟಿನ ಭರದಲ್ಲಿ ಅವರು ದಾರ ಹರಿದದ್ದು ಆ ಕೈಯಿಂದಲೇ.

ವಾರಕ್ಕೆರಡು ಸಲ ಬರುತ್ತಿದ್ದ ಎಲುಬಿನ ಡಾಕ್ಟರು ಮುಂದಿನ ವಾರ ಕೈ ನೋಡಿ, "ಈ ವಯಸ್ಸಿಗೆ ಇಷ್ಟು ಸಾಕು, ಉಣ್ಣಲಿಕ್ಕೆ ಬರತದಲ್ಲ" ಎಂದರು. ಸಮಾಧಾನಕ್ಕೆಂದೇ ಹೇಳಿದ ಮಾತು. ಅಕ್ಕ, "ಉಣ್ಣಾಕ ಎಡಗೈ ಐತಿ, ಚಮಚ ಐತ್ರಿ. ನನಗ ಮೊಗ್ಗ ಬಿಡಸಾಕ ಬರಬೇಕು" ಎಂದರು. ಡಾಕ್ಟರು ನಕ್ಕು ಹೋದರು. ಅಕ್ಕ ನಗಲಿಲ್ಲ. ಆ ವಾರ ಸಾಸಿವೆ ಕಾಳಿಗೆ ಬಂದರು.

ಶ್ರಾವಣದ ಎರಡನೇ ವಾರ ಒಂದು ಸಂಜೆ ಅವರ ಮಗ ಬಂದು ನನ್ನನ್ನು ಪ್ಲಾಟಿಗೆ ಕರೆದುಕೊಂಡು ಹೋದ. ಅಕ್ಕ ಸೊಂಟಕ್ಕೆ ಸೆರಗು ಕಟ್ಟಿ ಸಾಲಿನ ನಡುವೆ ನಿಂತಿದ್ದರು. ಹದಿನಾಲ್ಕು ಹೆಣ್ಣುಮಕ್ಕಳು ಕೆಲಸ ಮಾಡುವವರಂತೆ ನಟಿಸುತ್ತ ಅವರನ್ನೇ ನೋಡುತ್ತಿದ್ದರು. ಮೊದಲಿನ ಮೂರು ಮೊಗ್ಗು ಮುರಿದವು. ನಾಲ್ಕನೆಯದು ಬಿಡಿಸಿಕೊಂಡು ಬಂತು, ಒಳಗಿನ ಎಳೆ ನೆಟ್ಟಗೆ ಉಳಿಯಿತು. ಅಕ್ಕ ಅದನ್ನು ನನಗೆ ತೋರಿಸಿ ಐದನೆಯದಕ್ಕೆ ಹೋದರು. ಅಷ್ಟು ಖುಷಿ ನನಗೆ ನನ್ನ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಕೈ ಮೊದಲಿನಂತೆ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಅಂಗೈ ಪೂರ್ತಿ ಮೇಲ್ಮುಖವಾಗಿ ತಿರುಗುತ್ತಿರಲಿಲ್ಲ. ಗುಡಿಯಲ್ಲಿ ತೀರ್ಥ ತೆಗೆದುಕೊಳ್ಳುವಾಗ ಅವರು ಇಡೀ ಮೈಯನ್ನು ಬಲಕ್ಕೆ ವಾಲಿಸಬೇಕಾಗುತ್ತಿತ್ತು. ಪೂಜಾರಿ ಒಮ್ಮೆ ನೆಟ್ಟಗ ನಿಂತು ತಗೋ ಎಂದಿದ್ದಕ್ಕೆ, "ಕೈ ಇಷ್ಟ ತಿರಗತೈತಿ, ಉಳದದ್ದು ನಾ ತಿರಗಾಕತ್ತೇನಿ, ನೀವು ಹಾಕ್ರಿ" ಎಂದರಂತೆ. ಇದನ್ನು ಅವರೇ ನನಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಕ್ರಾಸಿಂಗ್ ಇಲ್ಲದ ತಿಂಗಳುಗಳಲ್ಲಿ ಹಿರೇಕೆರೂರಿಗೆ ಸಂತೆಗೆ ಬಂದಾಗ ನನ್ನ ಕೋಣೆಯ ಬೆಂಚಿನ ಮೇಲೆ ಒಂದು ತಾಸು ಕುಳಿತು ಹೋಗುವುದು ಅವರ ರೂಢಿಯಾಯಿತು. ಕುಳಿತರೆ ಸುಮ್ಮನೆ ಕೂಡುವ ಜೀವವಲ್ಲ. ಬಂದವರನ್ನೆಲ್ಲ ನಿಮ್ಮ ಬ್ಯಾನಿಯ ಹೆಸರೇನು, ಯಾವ ಗುಳಿಗೆ ಯಾತಕ್ಕೆ, ಇವತ್ತು ಎಷ್ಟು ಸಲ ಕಾಲು ಎತ್ತಿದಿರಿ ಎಂದು ವಿಚಾರಿಸುತ್ತಿದ್ದರು. ಶಿಗ್ಗಾವಿ ಕಡೆಯಿಂದ ಮೊಣಕಾಲಿನ ಆಪರೇಶನ್ ಆದ ಒಬ್ಬ ನಿವೃತ್ತ ಮಾಸ್ತರು ಬರುತ್ತಿದ್ದರು, ಮಗಳ ಮನೆ ಇಲ್ಲಿತ್ತು. ಏನು ಕೇಳಿದರೂ ಅವರ ಹೆಂಡತಿಯೇ ಉತ್ತರ ಕೊಡುವರು: ಅವರಿಗೆ ನೋವು ಬಹಳ, ಅವರಿಗೆ ನಡೆಯಲಾಗುವುದಿಲ್ಲ, ಅವರಿಗೆ ರಾತ್ರಿ ನಿದ್ದೆ ಇಲ್ಲ. ಅಕ್ಕ ಸ್ವಲ್ಪ ಹೊತ್ತು ಕೇಳಿ, "ಮಾಸ್ತರ, ಮೊಣಕಾಲು ನಿಮ್ಮದೋ ನಿಮ್ಮ ಮನಿಯಾರದೋ?" ಎಂದರು. ಮಾಸ್ತರು ಬಹಳ ದಿನದ ಮೇಲೆ ನಕ್ಕರು, ನಕ್ಕ ಭರದಲ್ಲೇ ಕೋಲು ಹಿಡಿದು ಎದ್ದು ನಿಂತರು. ಅವರ ಹೆಂಡತಿ ಎರಡು ವಾರ ಅಕ್ಕನನ್ನು ಮಾತಾಡಿಸಲಿಲ್ಲ. ಸವಣೂರಿನಲ್ಲಿ ಒಂದು ಕ್ಯಾಂಪು ಮಾಡಿದಾಗ ನಾನೇ ಅವರನ್ನು ಕರೆದುಕೊಂಡು ಹೋದೆ. ಹತ್ತಿಮತ್ತೂರಿನಿಂದ ಬಂದ ಹೆಣ್ಣುಮಕ್ಕಳು ನನ್ನ ಭಾಷಣಕ್ಕೆ ಆಕಳಿಸಿದರು, ಅಕ್ಕ ಸೆಟೆದ ಮಣಿಕಟ್ಟು ತೋರಿಸಿ ಮಾತಾಡಿದಾಗ ಸುತ್ತ ಮುಕುರಿದರು.

ನಾಲ್ಕನೆಯ ವರ್ಷ ಅಕ್ಕ ಸೊರಗಿದರು. ಹೊಟ್ಟೆಯಲ್ಲಿ ಸಂಕಟ, ಉಂಡದ್ದು ನಿಲ್ಲುತ್ತಿರಲಿಲ್ಲ. ಮಗ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಲ್ಲ ತಪಾಸಣೆ ಮಾಡಿಸಿದ. ಅಲ್ಲಿಂದ ಬಂದ ದಿನ ಅವನು ನನಗೆ ಫೋನ್ ಮಾಡಿದ. ಅವನ ದನಿ ಒಡೆದಿತ್ತು.

"ಮೇಡಂ, ಅವ್ವಗ ಕ್ಯಾನ್ಸರ್ ಅಂತ. ಹೊಟ್ಟಿಯಿಂದ ಲಿವರ್‌ಗೆ ಹೋಗೈತಂತ. ನಾವು ಅಲ್ಸರ್ ಅಂತ ಹೇಳೇವಿ. ಆಕಿ ನಿಮ್ಮ ಹಂತ್ಯಾಕ ಬಂದ ಬರತಾಳ. ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ. ಹೇಳಿದ್ರ ಎದಿ ಒಡಕೊಂಡು ಅವತ್ತ ಸಾಯತಾಳ."

ಅವನ ಪ್ರೀತಿಯ ಬಗ್ಗೆ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಅವ್ವನಿಗೆ ಆರು ವಾರ ತುತ್ತು ಮಾಡಿ ಉಣಿಸಿದ ಮಗ ಅವನು. ಅವನ ಅಳು ಕೇಳಿ ನನಗೂ ಅಳು ಬಂತು. ಹೇಳುವುದಿಲ್ಲ ಎಂದು ಮಾತು ಕೊಟ್ಟುಬಿಟ್ಟೆ.

ಎರಡು ದಿನಕ್ಕೆ ಅಕ್ಕ ಒಬ್ಬರೇ ಬಸ್ಸಿನಲ್ಲಿ ಬಂದರು. ಪ್ಲಾಸ್ಟಿಕ್ ಚೀಲದಿಂದ ಹುಬ್ಬಳ್ಳಿಯ ಫೈಲು ತೆಗೆದು ನನ್ನ ಮೇಜಿನ ಮೇಲಿಟ್ಟರು. ಬಾಗಿಲು ಮುಂದೆ ಮಾಡಿ ಬಂದು ಕುಳಿತರು. ಅದುವರೆಗೆ ನನ್ನನ್ನು ಮೇಡಂ ಎಂದೇ ಕರೆಯುತ್ತಿದ್ದವರು ಆ ದಿನ ಹಾಗೆ ಕರೆಯಲಿಲ್ಲ.

"ತಂಗಿ, ಇಂಗ್ಲಿಷಿನ್ಯಾಗ ಐತಿ. ಓದಿ ಹೇಳು."

"ಡಾಕ್ಟ್ರನ್ನ ಕೇಳ್ರಿ ಅಕ್ಕಾರ. ನಾನು ಆ ಡಾಕ್ಟರ್ ಅಲ್ಲ."

"ಕೇಳಿದೆ. ನಿಮ್ಮ ಮಗಗ ಎಲ್ಲಾ ಹೇಳೇವಿ ಅಂದ್ರು. ಮಗನ್ನ ಕೇಳಿದೆ. ಅಲ್ಸರ್ ಅಂದ. ಹೇಳೂ ಮುಂದ ನನ್ನ ಮಾರಿ ನೋಡಲಿಲ್ಲ."

ನಾನು ಫೈಲು ಬಿಚ್ಚಿದೆ. ಬಿಚ್ಚುವಾಗಲೂ ಅಲ್ಸರ್ ಎಂದೇ ಹೇಳಬೇಕೆಂದಿದ್ದೆ. ಅಕ್ಕ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ಗೊತ್ತಿಲ್ಲದ ಆ ಅಕ್ಷರಗಳ ಕೆಳಗೆ ತಮ್ಮ ತೋರುಬೆರಳನ್ನಿಟ್ಟರು. ನಾನು ಹೆಸರು, ವಯಸ್ಸು, ರಕ್ತದ ಪರೀಕ್ಷೆ ಎಂದು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಅವರ ಬೆರಳು ನನ್ನ ದನಿಯ ಜೊತೆ ಕೆಳಗಿಳಿಯುತ್ತಿತ್ತು. ಒಂದು ಕಡೆ ನಾನು ಜಿಗಿದೆ. ಬೆರಳು ಅಲ್ಲೇ ನಿಂತಿತು.

"ಈ ಸಾಲು ಯಾಕ ಬಿಟ್ಟಿ?"

ಅವರು ಕಾಯ್ದರು. ಅವಸರ ಮಾಡಲಿಲ್ಲ, ಗದರಿಸಲಿಲ್ಲ, ಬೆರಳನ್ನೂ ತೆಗೆಯಲಿಲ್ಲ. ಹೊರಗೆ ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದರು. ಮಗನಿಗೆ ಮಾತು ಕೊಟ್ಟಿದ್ದೆ. ಆದರೆ ಆ ಕಾಗದದಲ್ಲಿದ್ದ ಹೊಟ್ಟೆ ಮಗನದಾಗಿರಲಿಲ್ಲ. ನಾನು ಆ ಸಾಲನ್ನು ಓದಿದೆ. ಅದರ ಮುಂದಿನದನ್ನೂ ಓದಿದೆ.

ಎದೆ ಒಡೆದುಕೊಳ್ಳಲಿಲ್ಲ ಅಕ್ಕ. ನೀರು ಕೇಳಿದರು, ಕೊಟ್ಟೆ, ಅರ್ಧ ಕುಡಿದರು. ಆಮೇಲೆ, "ಎಲ್ಲೀತನ ಹೋಗೈತಿ ಅಂದಿ?" ಎಂದು ಕೇಳಿದರು. ನಾನು ನನ್ನ ಮೈಮೇಲೆ ಕೈಯಿಟ್ಟು ಜಾಗ ತೋರಿಸಿದೆ. "ನನ್ನ ಕೈಲೆ ಮಾಡೂವಂಥಾದ್ದು ಇನ್ನ ಏನೈತಿ?" ಎಂದರು. ನಿಜವಾಗಿ ನನಗೆ ಗೊತ್ತಿಲ್ಲ, ಅಲ್ಲಿಯ ಡಾಕ್ಟರನ್ನು ನೀವೇ ಎದುರು ಕುಳಿತು ಕೇಳಬೇಕು ಎಂದೆ. ತಲೆಯಾಡಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಅಂವಗ ಬೈಬ್ಯಾಡ. ಅಂವ ಅಂಜ್ಯಾನ. ನಾನೂ ಅಂಜೇನಿ, ಆದ್ರ ನನ್ನ ಅಂಜಿಕಿ ನನ್ನ ಕೈಯಾಗಿರಲಿ."

ಮುಂದಿನ ವಾರ ಅವರೇ ಮಗನನ್ನು ಹೊರಡಿಸಿಕೊಂಡು ಹುಬ್ಬಳ್ಳಿಗೆ ಹೋದರು. ಅಲ್ಲಿಯ ಡಾಕ್ಟರಮ್ಮ, ಪಾಪ, ಒಳ್ಳೆಯವರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರಂತೆ. ಅಕ್ಕ ಮೂರು ಸಲ ಕೀಮೋ ಔಷಧಿ ಏರಿಸಿಕೊಂಡರು. ಮೂರರ ನಂತರ ಮತ್ತೆ ಸ್ಕ್ಯಾನ್ ಆಯಿತು, ಗಡ್ಡೆ ಕುಗ್ಗಿರಲಿಲ್ಲ. ನಾಲ್ಕನೆಯದರಿಂದ ಏನು ಸಿಗಬಹುದು, ಏನು ಹೋಗಬಹುದು ಎಂದು ಬಿಡಿಸಿ ಕೇಳಿ, ಒಂದು ದಿನ ವಿಚಾರ ಮಾಡಿ, ಒಲ್ಲೆ ಎಂದರು. ಕಾಗದಕ್ಕೆ ತಾವೇ ಸಹಿ ಹಾಕಿದರು, ವಕ್ರವಾದ ದಪ್ಪ ಸಹಿ. ನೋವಿನ ಗುಳಿಗೆ ಯಾವಾಗ, ಎಷ್ಟು ಎಂಬುದನ್ನು ಮಾತ್ರ ಕೇಳಿ ತಿಳಿದುಕೊಂಡು ಬಂದರು.

ಆಮೇಲಿನ ತಿಂಗಳುಗಳಲ್ಲಿ ನಾನು ವಾರಕ್ಕೆರಡು ಸಲ ಅವರ ಮನೆಗೆ ಹೋಗುತ್ತಿದ್ದೆ. ಮಗ ನನ್ನನ್ನು ಕಂಡರೆ ಹಿತ್ತಲಿಗೆ ಹೋಗುತ್ತಿದ್ದ. ಸೊಸೆ ಚಹಾ ಇಟ್ಟು ಹೋಗುತ್ತಿದ್ದಳು. ನೋವಾಗದಂತೆ ಮಗ್ಗುಲಾಗುವುದು, ಯಾರ ಆಸರೆಯೂ ಇಲ್ಲದೆ ಎದ್ದು ಕೂಡುವುದು, ಉಸಿರು ಸಣ್ಣದಾದಾಗ ಮುಂದಕ್ಕೆ ಬಾಗಿ ನಿಧಾನವಾಗಿ ಬಿಡುವುದು, ಇಷ್ಟೇ ನನ್ನಲ್ಲಿ ಕೊಡಲು ಉಳಿದಿದ್ದದ್ದು. ಅಕ್ಕ ಅದನ್ನೂ ಕೆಲಸದಂತೆಯೇ ಕಲಿತರು. ಗುಂಪಿನ ಹಿರಿಯ ಹೆಣ್ಣುಮಗಳನ್ನು ದಿನಾ ಸಂಜೆ ಕರೆಸಿ ಪ್ಲಾಟಿನ ಮಾಲೀಕರ ಜೊತೆ ಹೇಗೆ ಮಾತಾಡಬೇಕು, ಹೊಸಬರನ್ನು ಯಾವ ಸಾಲಿಗೆ ಬಿಡಬೇಕು ಎಂದು ಹೇಳಿಕೊಟ್ಟರು. ತಮ್ಮನ್ನು ಎಲ್ಲಿ ಮಣ್ಣು ಮಾಡಬೇಕೆಂಬುದನ್ನೂ ಮಗನನ್ನು ಕೂಡಿಸಿಕೊಂಡು ಹೇಳಿದರು. ಅವನು ಎದ್ದು ಹೋಗಲು ನೋಡಿದ. ಕೈ ಹಿಡಿದು ಕೂಡಿಸಿದರಂತೆ, ಆ ಬಲಗೈಯಿಂದಲೇ.

ಕೊನೆಯ ವಾರ ಉಸಿರು ಕಟ್ಟಿದಾಗ ಮಗ ಗಾಡಿ ತರಿಸಿ ಹುಬ್ಬಳ್ಳಿಗೆ ಒಯ್ಯಲು ನಿಂತ. ಅಕ್ಕ ಒಲ್ಲೆ ಎಂದರು. ಅವನು ಅವರ ಕಾಲ ಬಳಿ ಕುಳಿತು ಅತ್ತ. ಅಕ್ಕ ಒಲ್ಲೆ ಎಂದೇ ಹೇಳಿದರು. ಮೂರು ದಿನದ ಮೇಲೆ ಒಂದು ಮಧ್ಯಾಹ್ನ, ತಾವೇ ಎದ್ದು ಗೋಡೆಗೆ ಒರಗಿ ಕುಳಿತು ಎರಡು ಗುಟುಕು ಗಂಜಿ ಕುಡಿದ ಸ್ವಲ್ಪ ಹೊತ್ತಿಗೆ ಹೋದರು. ನಾನು ತಲುಪಿದಾಗ ಅಂಗಳದಲ್ಲಿ ಗುಂಪಿನವರೆಲ್ಲ ಕುಳಿತಿದ್ದರು. ಅವರ ಜೊತೆ ಕುಳಿತು ನಾನೂ ಅತ್ತೆ.

ಮಣ್ಣು ಮಾಡಿ ಬಂದ ಮೇಲೆ ಮಗ ನನ್ನ ಎದುರು ಬಂದು ನಿಂತ. ಜನ ಇದ್ದರು. ಅವನು ದನಿ ಏರಿಸಲಿಲ್ಲ.

"ನೀವು ಹೇಳಿರಲಿಲ್ಲಂದ್ರ ನಮ್ಮವ್ವ ನಾಲ್ಕನೇ ಔಷಧಿ ತಗೋತಿದ್ಲು. ಇನ್ನೊಂದು ವರ್ಷ ಇರ್ತಿದ್ಲು. ಮಾತು ಕೊಟ್ಟು ತಪ್ಪಿದ್ರಿ."

ಮಾತು ತಪ್ಪಿದ್ದು ನಿಜ. ಉಳಿದದ್ದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗುವಂಥದ್ದಲ್ಲ. ನಾನು ಅವನಿಗೆ ಕೈ ಮುಗಿದೆ, ಆದರೆ ತಪ್ಪಾಯಿತು ಎನ್ನಲಿಲ್ಲ. ಅವನು ಅದಕ್ಕಾಗಿ ಕಾಯುತ್ತ ನಿಂತಿದ್ದ.

ಈಗಲೂ ತಿಂಗಳಿಗೊಬ್ಬರಾದರೂ ನನ್ನ ಕೋಣೆಯ ಹೊರಗೆ ಕರೆದು, ನಮ್ಮಪ್ಪಗ ಹೇಳಬ್ಯಾಡ್ರಿ, ನಮ್ಮತ್ತಿಗೆ ತಿಳಿಯಬಾರದರಿ ಎಂದು ಪಿಸುಗುಟ್ಟುತ್ತಾರೆ. ತಡಸದಿಂದ ಬರುವವರೂ ಅದನ್ನೇ ಹೇಳುತ್ತಾರೆ, ಹಾನಗಲ್ಲಿನಲ್ಲಿ ನನ್ನ ಸ್ವಂತ ಸೋದರಮಾವನ ಮನೆಯವರೂ ಅದನ್ನೇ ಹೇಳಿದರು. ಯಾರಿಗೂ ನಾನು ಈಗ ಮಾತು ಕೊಡುವುದಿಲ್ಲ. ಇದರಿಂದ ಕೆಲವು ಮನೆಗಳು ನನಗೆ ತಪ್ಪಿವೆ. ಎಲುಬಿನ ಡಾಕ್ಟರು, ಫಿಸಿಯೋಥೆರಪಿಯವಳಿಗೆ ಇಷ್ಟು ಉಸಾಬರಿ ಯಾಕೆ ಎಂದು ಒಮ್ಮೆ ಕೇಳಿದರು. ಉಸಾಬರಿಯೇ ಇರಬಹುದು.

ಸಂತೆಯಲ್ಲಿ ಅಕ್ಕನ ಮಗ ಎದುರಾದರೆ ಮುಖ ತಿರುಗಿಸಿ ಹೋಗುತ್ತಾನೆ. ಅವನಿಗೆ ಆ ಹಕ್ಕಿದೆ, ತಾಯಿಯನ್ನು ಕಳೆದುಕೊಂಡವನು ಅವನು. ನಾನೂ ಅವರನ್ನು ಕಳೆದುಕೊಂಡಿದ್ದೇನೆ ಎಂದು ಹೋಗಿ ಹೇಳಲು ಎಷ್ಟೋ ಸಲ ಬಾಯಿ ತುದಿಗೆ ಬಂದಿದೆ, ಹೇಳಿಲ್ಲ. ಅವನು ನನ್ನನ್ನು ಎಂದೂ ಕ್ಷಮಿಸದಿದ್ದರೂ ಸರಿ. ಅಕ್ಕ ಇನ್ನೊಮ್ಮೆ ಆ ಬಾಗಿಲು ಮುಂದೆ ಮಾಡಿ ಬಂದು ಕುಳಿತರೆ, ನಾನು ಇನ್ನೊಮ್ಮೆ ಓದಿ ಹೇಳುತ್ತೇನೆ, ಈ ಸಲ ಅವರು ಕೇಳುವವರೆಗೂ ಕಾಯುವುದಿಲ್ಲ.